ಸರ್ವರ್ ಡೌನ್ ಆಗೋ ದಿನದ ಬಗ್ಗೆ ಮೊದಲು ಯೋಚ್ನೆ ಮಾಡು

ಚಿ. ವಿನಯಂಗೆ ದೊಡ್ಡಮ್ಮನ ಆಶೀರ್ವಾದಗಳು.

ಆಸ್ಪತ್ರೆಗಳಿಗೆ ಕ್ಲೌಡ್ ಸಾಫ್ಟ್‌ವೇರ್ ಮಾಡೋ ಕಂಪ್ನಿಗೆ ಸೇರಿದೀಯ ಅಂತ ನಿಮ್ಮಮ್ಮ ಹೇಳಿದ್ಳು, ಖುಷಿ ಆಯ್ತು ಕಣೋ. ಸ್ಟಾಫ್ ನರ್ಸ್ ಆಗಿ ರಿಟೈರ್ ಆದೋಳಿಗೆ ಇದೆಲ್ಲ ಏನು ಗೊತ್ತು ಅನ್ಕೋಬೇಡ, ರೆಕಾರ್ಡ್ ರೂಮಲ್ಲಿ ಗೆದ್ದಲು ಹಿಡಿದ ಕೇಸ್‌ಶೀಟ್ ಹುಡುಕ್ತಾ ಧೂಳು ಕುಡಿದೋರಿಗೆ ಅದರ ಬೆಲೆ ನಿನಗಿಂತ ಚೆನ್ನಾಗಿ ಗೊತ್ತು. ಈಗ ನೋಡು, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಲಿ ತಾಲ್ಲೂಕು ಆಸ್ಪತ್ರೆಲಿ ತೆಗೆದ ಇಸಿಜಿನ ಜಯದೇವದ ಡಾಕ್ಟ್ರು ಕೂತಲ್ಲೇ ನೋಡ್ತಾರೆ, ಹಾರ್ಟ್ ಅಟ್ಯಾಕೇ ಅಂತಾದ್ರೆ ಅಲ್ಲೇ ಹೆಪ್ಪುಗಟ್ಟಿದ ರಕ್ತ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್, ಅದೂ ಫ್ರೀ. ನಮ್ಮ ಕಾಲದಲ್ಲಿ ಆಂಬುಲೆನ್ಸ್ ಹತ್ತಿಸಿ ದೇವರ ಮೇಲೆ ಭಾರ ಹಾಕೋದೇ.

ಆದ್ರೆ 2022ರ ನವೆಂಬರ್ 23ಕ್ಕೆ ಡೆಲ್ಲಿ ಏಮ್ಸ್‌ಗೆ ರ‍್ಯಾನ್ಸಮ್‌ವೇರ್ ಬಡೀತಲ್ಲ, ಅದೇ ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳೋ ವೈರಸ್ಸು, ಐದು ಸರ್ವರ್, ಸುಮಾರು 1.3 ಟೆರಾಬೈಟ್ ಡೇಟಾ ಲಾಕ್ ಆಗಿ, ಓಪಿಡಿ ಚೀಟಿ ಲ್ಯಾಬ್ ರಿಪೋರ್ಟ್ ಎಲ್ಲಾ ವಾರಕ್ಕೂ ಜಾಸ್ತಿ ದಿನ ಪೆನ್ನು ಪೇಪರಿಗೇ ಬಂತು. ಕೊನೆಗೆ ಡೇಟಾ ಸಿಕ್ಕಿದ್ದು ಕೆಡದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿಂದ. ಅದು ಅವರ ಸ್ವಂತ ಸರ್ವರ್, ನಮ್ದು ಬೇರೆ ಕಂಪ್ನಿ ಸರ್ವರ್ ಬಾಡಿಗೆಗೆ ತಗೊಂಡು ನೆಟ್ ಮೂಲಕ ನಡೆಸೋ ಕ್ಲೌಡು ದೊಡ್ಡಮ್ಮ ಅಂತೀಯ. ಸರಿ, ಡಿಸ್ಕ್ ಸುಟ್ರೆ ಕ್ಲೌಡ್‌ನೋರು ನೋಡ್ಕೋತಾರೆ, ಆದ್ರೆ ಪಾಸ್‌ವರ್ಡ್ ಯಾರ ಕೈಲಿದೆ, ಯಾವ ಫೋಲ್ಡರ್ ಊರಿಗೆಲ್ಲ ತೆರೆದಿದೆ ಅನ್ನೋದು ನಿಮ್ಮ ತಲೆ ಮೇಲೇ ಇರುತ್ತೆ. ಬ್ಯಾಕಪ್ ಇದೆ ಅಂತ ಬರ್ಕೊಂಡು ಕೂರ್ಬೇಡ, ತಿಂಗ್ಳಿಗೊಂದ್ಸಲ ಅದರಿಂದ ವಾಪಸ್ ತೆಗ್ದು ನೋಡು.

ವಾರ್ಡಲ್ಲಿ ಮಾನಿಟರಿಗೆ ಪಾಸ್‌ವರ್ಡ್ ಚೀಟಿ ಅಂಟಿಸಿದ್ದು ಕಂಡ್ರೆ ನರ್ಸುಗಳನ್ನ ಬೈಬೇಡ. ಡ್ರಿಪ್ ಬದಲಾಯಿಸಿ ಬರೋಷ್ಟರಲ್ಲಿ ಲಾಗೌಟ್ ಆಗಿರುತ್ತೆ, ಮತ್ತೆ ಮತ್ತೆ ಟೈಪ್ ಮಾಡ್ತಾ ಕೂರೋಕಾಗುತ್ತಾ? ಐಡಿ ಕಾರ್ಡ್ ತೋರಿಸಿದ್ರೆ ತೆರೆಯೋ ಹಾಗೆ ಮಾಡ್ಕೊಡು. ನೆಟ್ ಹೋದಾಗ್ಲೂ ಪೇಷೆಂಟ್ ಅಲರ್ಜಿ, ಈಗ ಕೊಡ್ತಿರೋ ಔಷಧಿ, ಇಷ್ಟಾದ್ರೂ ವಾರ್ಡ್ ಕಂಪ್ಯೂಟರ್‌ನಲ್ಲೇ ಉಳ್ಕೊಂಡಿರ್ಲಿ, ರಾತ್ರಿ ಎರಡು ಗಂಟೇಲಿ ಇವರಿಗೆ ಪೆನ್ಸಿಲಿನ್ ಕೊಡಬಹುದಾ ಅಂತ ನಿಮ್ಮ ಕಸ್ಟಮರ್ ಕೇರ್‌ಗೆ ಕೇಳೋಕಾಗಲ್ಲ.

ಇನ್ನು ಆಭಾ ನಂಬರ್, ಅಂದ್ರೆ ಪೇಷೆಂಟ್ ರೆಕಾರ್ಡ್ ಎಲ್ಲಾ ಒಂದಕ್ಕೊಂದು ಜೋಡಿಸೋಕೆ ಸರ್ಕಾರ ಮಾಡಿರೋ ಹೆಲ್ತ್ ಐಡಿ. ಹದಿನಾಲ್ಕು ಅಂಕಿ, ಪೇಷೆಂಟ್ ಒಪ್ಪಿದ್ರೆ ಮಾತ್ರ ರೆಕಾರ್ಡ್ ತೋರಿಸ್ಬೇಕು ಅಂತ ಇದೆ, ಕೌಂಟರಲ್ಲಿ ಆಗೋದು ಮಾತ್ರ "ಅಜ್ಜಿ, ಓಟಿಪಿ ಬಂತಾ, ಹೇಳಿ" ಅಷ್ಟೇ. ಒಪ್ಪಿಗೆ ಕೇಳೋ ಸ್ಕ್ರೀನ್ ಕನ್ನಡದಲ್ಲಿ ಇರ್ಲಿ, ಅಕ್ಷರ ದೊಡ್ಡದಾಗಿರ್ಲಿ.

ಕೋಡ್ ಬರೆಯೋಕ್ ಮುಂಚೆ ಯಾವುದಾದ್ರೂ ಸರ್ಕಾರಿ ಆಸ್ಪತ್ರೆಗೆ ಸೋಮವಾರ ಬೆಳಿಗ್ಗೆ ಹೋಗಿ ಓಪಿಡಿ ಕೌಂಟರ್ ಹತ್ರ ಮಧ್ಯಾಹ್ನದ ತನಕ ನಿಂತಿರು, ಪರ್ಮಿಷನ್ ಬೇಕಂದ್ರೆ ನಾನು ಯಾರಿಗಾದ್ರೂ ಹೇಳ್ತೀನಿ. ನಿಮ್ಮಪ್ಪಂಗೆ ಬಿಪಿ ಮಾತ್ರೆ ಬಿಡಬೇಡಿ ಅಂತ ಹೇಳು.

ನಿನ್ನ ದೊಡ್ಡಮ್ಮ