ಗಣಿತದ ಮಾಸ್ತರು ಎಲ್ಲಿ?

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕಿನ ಎಸ್ಸೆಸ್ಸೆಲ್ಸಿ ಮಕ್ಕಳ ‘ಪ್ರೇರಣಾ ಶಿಬಿರ’ದ ಸುದ್ದಿಯನ್ನು ಗುರುವಾರದ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ವಿದ್ಯಾರ್ಥಿಗಳಲ್ಲಿ ಆತ್ಮವಿಶ್ವಾಸ ತುಂಬಿದ ಕಾರ್ಯಕ್ರಮ’ ಅಂತ ಹೊಗಳಿದ್ದೀರಿ. ವೇದಿಕೆ ಮೇಲೆ ಶಾಲು ಹೊದ್ದು ಕುಳಿತವರ ಹೆಸರು ಒಂದೂ ಬಿಟ್ಟಿಲ್ಲ. ಕೆಳಗೆ ಕುಳಿತ ಮಕ್ಕಳು ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಧ್ಯಾಹ್ನದವರೆಗೆ ಮುಖ್ಯ ಅತಿಥಿಗಳ ದಾರಿ ಕಾದದ್ದು ಮಾತ್ರ ಎಲ್ಲೂ ಇಲ್ಲ. ನಿಮ್ಮ ವರದಿಗಾರರು ದೀಪ ಹಚ್ಚುವ ಫೋಟೊ ತೆಗೆದುಕೊಂಡು ಹೊರಟುಬಿಟ್ಟರು. ಆಮೇಲೆ ಏನಾಯಿತು ಅಂತ ಅಲ್ಲೇ ಕುಳಿತಿದ್ದ ನಾನು ಹೇಳುತ್ತೇನೆ.

ಹಿಂದಿನ ರಾತ್ರಿ ಶಾಲೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಪೋಷಕರೂ ಕಡ್ಡಾಯವಾಗಿ ಬರಬೇಕು’ ಅಂತ ಸಂದೇಶ ಬಂತು. ಮರುದಿನ ನಮ್ಮ ತೊಗರಿ ರಾಶಿಗೆ ಮಿಷನ್ ಗೊತ್ತು ಮಾಡಿದ್ದೆ. ಅದನ್ನು ಬಿಟ್ಟುಕೊಟ್ಟೆ, ಮಿಷನ್ ಪಕ್ಕದ ಊರಿಗೆ ಹೋಯಿತು. ತೊಗರಿ ಇನ್ನೂ ಹೊಲದಲ್ಲೇ ಬಿದ್ದಿದೆ. ಬೆಳಿಗ್ಗೆ ನಮ್ಮೂರಿಗೆ ಇರುವುದು ಒಂದೇ ಬಸ್ಸು. ಅದು ಹಿಂದಿನ ಊರಲ್ಲೇ ತುಂಬಿ, ಇಲ್ಲಿ ನಿಲ್ಲದೆ ಹೋಯಿತು. ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಒಳ್ಳೆಯದೇ. ಬಸ್ಸೇ ನಿಲ್ಲದಿದ್ದರೆ ಏನು ಮಾಡೋದು? ಟಂಟಂ ಆಟೊ ಮಾಡಿಕೊಂಡು ನನ್ನ ಮಗಳನ್ನೂ ಅವಳ ಗೆಳತಿಯರನ್ನೂ ಕರೆದೊಯ್ದೆ. ಊಟ ಇದೆ ಅಂದಿದ್ದರು. ವೇದಿಕೆಯವರ ಊಟ ಮುಗಿಯುವ ಹೊತ್ತಿಗೆ ಮಕ್ಕಳ ಪಲಾವ್ ಪಾತ್ರೆ ಖಾಲಿಯಾಗಿತ್ತು. ಹಿಂದಿನ ಸಾಲಿನ ಮಕ್ಕಳು ಬಾಳೆಹಣ್ಣು ತಿಂದು ಮತ್ತೆ ಕುಳಿತರು. ಕೊನೆಯ ಬಸ್ಸೂ ತಪ್ಪಿ, ಮನೆ ಸೇರುವಾಗ ಕತ್ತಲಾಗಿತ್ತು.

ಅತಿಥಿಗಳು ಬಂದ ಮೇಲೆ ಏನು ಹೇಳಿದರು? ದೊಡ್ಡ ಗುರಿ ಇಟ್ಟುಕೊಳ್ಳಿ, ಮೊಬೈಲ್ ಬಿಡಿ, ನಾಲ್ಕು ಗಂಟೆಗೆ ಏಳಿ. ಆಮೇಲೆ ಎಲ್ಲರ ಕೈಗೂ ಒಂದೊಂದು ಬಿಳಿ ಕಾರ್ಡು ಕೊಟ್ಟರು. ‘ನಾನು 625ಕ್ಕೆ 600 ಪಡೆಯುತ್ತೇನೆ’ ಅಂತ ಬರೆದು, ಎದ್ದು ನಿಂತು, ಎತ್ತಿ ಹಿಡಿದು ಕೂಗಬೇಕು. ಮಕ್ಕಳು ಕೂಗಿದರು. ನನ್ನ ಮಗಳ ಪಕ್ಕದ ಹುಡುಗಿಗೆ ‘ಪಡೆಯುತ್ತೇನೆ’ ಅಂತ ಬರೆಯಲು ಬರಲಿಲ್ಲ. ಮಗಳ ಕಾರ್ಡು ನೋಡಿ ಒಂದೊಂದೇ ಅಕ್ಷರ ಇಳಿಸಿಕೊಂಡಳು. ಹತ್ತನೇ ತರಗತಿಯ ಮಗು ಅದು. ಅವಳಿಗೆ ಬೇಕಾದದ್ದು ಗುರಿಯೋ, ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದುವ ಒಬ್ಬ ಶಿಕ್ಷಕರೋ? ವೇದಿಕೆ ಮೇಲಿದ್ದ ಒಬ್ಬರಾದರೂ ಕೆಳಗಿಳಿದು ಒಂದು ಕಾರ್ಡು ನೋಡಿದ್ದರೆ ಗೊತ್ತಾಗುತ್ತಿತ್ತು.

ನನ್ನ ಮಗಳ ಗಣಿತದ ನೋಟ್ಸು ಆಗಸ್ಟ್‌ನಿಂದ ಮುಂದೆ ಹೋಗಿಲ್ಲ. ಸಮಾಂತರ ಶ್ರೇಢಿಯ ಒಂದು ಲೆಕ್ಕ ಅರ್ಧಕ್ಕೇ ನಿಂತಿದೆ. ಮಾಸ್ತರು ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ತಮ್ಮ ಜಿಲ್ಲೆಗೆ ಹೋದರು. ಅವರನ್ನು ದೂರುವುದಿಲ್ಲ, ಅವರಿಗೂ ಮನೆ ಇದೆ. ಆದರೆ ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಈಗಿರುವ ಅತಿಥಿ ಶಿಕ್ಷಕರು ಓದಿದ್ದು ಇತಿಹಾಸ. ಪಾಪ, ಗಣಿತದ ಪುಸ್ತಕ ನೋಡಿ ಹಲಗೆ ಮೇಲೆ ಬರೆಸುತ್ತಾರೆ. ಅವರಿಗೆ ಸಂಬಳವೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ.

ಆ ಹಳೇ ಮಾಸ್ತರು ಇದ್ದಾಗ ಇದೇ ಮಕ್ಕಳು ಭಾನುವಾರವೂ ಶಾಲೆಗೆ ಓಡುತ್ತಿದ್ದರು. ಲೆಕ್ಕ ತಪ್ಪಿದರೆ ಅವರು ಬೈಯುತ್ತಿರಲಿಲ್ಲ. ‘ಎಲ್ಲಿ ತಪ್ಪಿತು, ನೀನೇ ಹುಡುಕು’ ಅಂತ ಸೀಮೆಸುಣ್ಣ ಮಕ್ಕಳ ಕೈಗೇ ಕೊಡುತ್ತಿದ್ದರು. ಮಗು ಹುಡುಕಿದ ಮೇಲೆ ಇನ್ನೊಂದು ಲೆಕ್ಕ, ಸ್ವಲ್ಪ ಕಷ್ಟದ್ದು. ಮಗಳು ಮನೆಗೆ ಬಂದು ಅದನ್ನು ಅವಳ ತಾಯಿಗೆ ಬಿಡಿಸಿ ತೋರಿಸುತ್ತಿದ್ದಳು. ತಾಯಿಗೆ ಲೆಕ್ಕ ಅರ್ಥವಾಗುತ್ತಿರಲಿಲ್ಲ, ಮಗಳ ಹುರುಪು ಅರ್ಥವಾಗುತ್ತಿತ್ತು. ಹುಮ್ಮಸ್ಸು ಅಂದರೆ ಅದು. ತನಗೆ ಬರುತ್ತೆ ಅಂತ ಮಗುವಿಗೆ ಒಮ್ಮೆ ಅನಿಸಿದರೆ ಓದು ಅಂತ ಯಾರೂ ಹೇಳಬೇಕಾಗಿಲ್ಲ. ಶಿಬಿರದಿಂದ ಬಂದ ರಾತ್ರಿ ಅವಳು ಕೇಳಿದಳು: “ಅಪ್ಪಾ, ಸರ್ ಆರುನೂರು ತಗೀರಿ ಅಂದ್ರು. ತ್ರಿಕೋನಮಿತಿ ಯಾರು ಹೇಳಿಕೊಡ್ತಾರ?” ಸಾಹೇಬರು ಉತ್ತರ ಕೊಡಲಿ.

ಭಾಷಣದಲ್ಲಿ ನಮಗೂ ಬೈದರು. ಪೋಷಕರಿಗೆ ಕಾಳಜಿ ಇಲ್ಲವಂತೆ, ಮಕ್ಕಳನ್ನು ಹೊಲಕ್ಕೆ ಕಳಿಸುತ್ತಾರಂತೆ. ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ಹೋಗುವುದು ನಿಜ. ಕೂಲಿ ಕೆ.ಜಿ. ಲೆಕ್ಕದಲ್ಲಿ. ಮಗು ಬಿಡಿಸಿದ್ದೂ ತೂಕಕ್ಕೆ ಬರುತ್ತದೆ, ಸಾಲ ಇದ್ದ ಮನೆಯವರು ಏನು ಮಾಡಬೇಕು? ಮಕ್ಕಳನ್ನು ತುಂಬಿಕೊಂಡ ಗೂಡ್ಸ್ ಗಾಡಿಗಳು ಬೆಳಿಗ್ಗೆ ಶಾಲೆಯ ಮುಂದೆಯೇ ಹೋಗುತ್ತವೆ. ಯಾವ ಅಧಿಕಾರಿ ತಡೆದಿದ್ದಾರೆ? ಹತ್ತಿ ಮುಗಿಸಿ ಮಗು ಶಾಲೆಗೆ ಬಂದಾಗ ಪಾಠ ಎಲ್ಲಿಗೋ ಹೋಗಿರುತ್ತದೆ. ಬಿಟ್ಟುಹೋದದ್ದನ್ನು ಹೇಳಿಕೊಡುವವರಿಲ್ಲ. ಹಿಂದಿನ ಬೆಂಚು ಸೇರುತ್ತದೆ, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತದೆ, ಒಂದು ದಿನ ಬರುವುದನ್ನೇ ಬಿಡುತ್ತದೆ. ಫೇಲಾದ ಹುಡುಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಹುಡುಗಿಗೆ ಮದುವೆ. ಇದು ನಮ್ಮ ಕಡೆ ಪ್ರತಿವರ್ಷದ ಕಥೆ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಪಾಸಾದವರು ದಕ್ಷಿಣ ಕನ್ನಡದಲ್ಲಿ ಶೇ 91.12, ಕಲಬುರಗಿಯಲ್ಲಿ ಶೇ 42.43. ಕರಾವಳಿಯ ಮಕ್ಕಳಿಗೆ ಎರಡು ತಲೆ ಇದೆಯಾ? 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ತಂದರು, ಒಳಗಿನ ಹುಳುಕು ಹೊರಗೆ ಬಂತು. ಕೂಡಲೇ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಅಷ್ಟು ಮಾಡಿಯೂ ರಾಜ್ಯದ ಫಲಿತಾಂಶ ಶೇ 73.40. ಮರುವರ್ಷ ಕೃಪಾಂಕ ತೆಗೆದಾಗ ಶೇ 62.34ಕ್ಕೆ ಬಂತು. ಈಗ ಪಾಸಾಗಲು ಒಟ್ಟು ಶೇ 35ರ ಬದಲು ಶೇ 33 ಸಾಕು ಅಂತ ಮಾಡಿದ್ದಾರೆ. ಅಂಕ ಇಳಿಸಿದರೆ ತ್ರಿಕೋನಮಿತಿ ತಾನಾಗಿ ಬರುತ್ತದೆಯೇ?

2025ರ ಅಕ್ಟೋಬರ್‌ನಲ್ಲಿ ಜಾತಿ ಸಮೀಕ್ಷೆಗೆ ಶಿಕ್ಷಕರನ್ನು ಕಳಿಸಿ ದಸರಾ ರಜೆಯನ್ನು 18ರವರೆಗೆ ಎಳೆದರು. ಹೆಚ್ಚುವರಿ ತರಗತಿ ತೆಗೆದುಕೊಂಡು ಸರಿದೂಗಿಸುತ್ತೇವೆ ಅಂದರು. ನಮ್ಮೂರಲ್ಲಿ ಯಾರು ತೆಗೆದುಕೊಂಡರು? 2006ರಲ್ಲಿ ಶುರುವಾದ, ಶಾಲಾ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಕೊರೊನಾ ಕಾಲದಲ್ಲಿ ನಿಂತದ್ದು ನಿಂತೇಹೋಯಿತು. ಅದಿದ್ದಿದ್ದರೆ ಬಸ್ಸಿನ ಹಂಗಾದರೂ ತಪ್ಪುತ್ತಿತ್ತು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೊಡುವ 371(ಜೆ) ಬಂದಾಗ ನಾವೂ ಪಟಾಕಿ ಹೊಡೆದೆವು. ಶಾಲೆಯ ಶೌಚಾಲಯಕ್ಕೆ ಈಗಲೂ ನೀರಿಲ್ಲ. ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ. ಇದಕ್ಕೆ ಅರ್ಜಿ ಕೊಟ್ಟರೆ ‘ಮೇಲಕ್ಕೆ ಬರೆದಿದ್ದೇವೆ’ ಅನ್ನುತ್ತಾರೆ. ಆ ‘ಮೇಲೆ’ ಎಲ್ಲಿದೆ ಅಂತ ಯಾರಾದರೂ ವಿಳಾಸ ಕೊಟ್ಟರೆ ನಾವೇ ಹೋಗಿ ಕೇಳುತ್ತೇವೆ. ಮೇ ತಿಂಗಳಲ್ಲಿ ಫಲಿತಾಂಶ ಬಿದ್ದಾಗ ಮಾತ್ರ ಇವರಿಗೆ ಎಚ್ಚರವಾಗುತ್ತದೆ. ಆಗ ಮುಖ್ಯ ಶಿಕ್ಷಕರಿಗೆ ನೋಟಿಸು. ಇಲ್ಲದ ಮಾಸ್ತರಿಗೆ ಯಾವ ನೋಟಿಸು ಕೊಡುತ್ತೀರಿ?

ಶಾಮಿಯಾನ, ಶಾಲು, ಹಾರ, ಮೈಕು, ಪಲಾವ್ ಇದಕ್ಕೆಲ್ಲ ದುಡ್ಡಿತ್ತು. ಅದೇ ದುಡ್ಡಿನಲ್ಲಿ ಗಣಿತ ಬಲ್ಲ ಒಬ್ಬರನ್ನು ಪರೀಕ್ಷೆವರೆಗೆ ಇಟ್ಟುಕೊಳ್ಳಬಹುದಿತ್ತು. ಮಾರ್ಚ್‌ನಲ್ಲಿ ಪರೀಕ್ಷೆ. ಕೂಡಲೇ ಮಾಸ್ತರನ್ನು ಕಳಿಸಿ. ಆಗದಿದ್ದರೆ ನಮ್ಮ ಮಕ್ಕಳು ಓದದೇ ಇರುವ ಪಾಠದ ಪ್ರಶ್ನೆಗಳನ್ನಾದರೂ ಬಿಡಿ. ಅದೂ ಆಗದಿದ್ದರೆ, ಸಾಹೇಬರೇ, ಇಂಥ ಶಿಬಿರಕ್ಕೆ ಇನ್ನೊಮ್ಮೆ ನಮ್ಮನ್ನು ಕರೆಯಬೇಡಿ. ನಿಮ್ಮ ಮಕ್ಕಳನ್ನು ಈ ಶಾಲೆಗೆ ಒಂದು ವರ್ಷ ಸೇರಿಸಿ, ಆಮೇಲೆ ಬಂದು ನಮಗೆ ಕಾಳಜಿಯ ಪಾಠ ಹೇಳಿ.

– ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿಯೊಬ್ಬಳ ತಂದೆ