ಕಂದು ಕುದುರೆಯ ವಿಷಯವಾಗಿ ಅಪ್ಪಾಜಿಗೆ

ತೀರ್ಥರೂಪ ಅಪ್ಪಾಜಿಯವರಿಗೆ,

ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಷ್ಟು ಚುರುಕಿನ ಕುದುರೆಯನ್ನು ಹೊಡೆಯದೆ ಹೇಗೆ ಹದಕ್ಕೆ ತರುತ್ತೀ ಎಂದು ನೀವು ಕೇಳಿದ್ದಿರಿ. ಸಾವಧಾನವಾಗಿ ಉತ್ತರ ಬರೆಯಬೇಕೆಂದು ರಜೆಯ ದಿನದವರೆಗೆ ಕಾದೆ.

ನನ್ನ ಪಾಲಿಗೆ ಬಂದಿರುವುದು ಆರು ವರ್ಷದ ಕಂದು ಹೆಣ್ಣುಕುದುರೆ. ಸುಮಾರು 500 ಕಿಲೋ ತೂಗುವ ಈ ಪ್ರಾಣಿ ಗಾಳಿಗೆ ಹಾರುವ ಕಾಗದ ಕಂಡರೂ ಬೆಚ್ಚಿ ಪಕ್ಕಕ್ಕೆ ನೆಗೆಯುತ್ತದೆ. ಅದನ್ನು ಕೊಬ್ಬೆಂದು ಎಣಿಸುವುದು ಅನ್ಯಾಯ. ಬೇಟೆಗೆ ಗುರಿಯಾಗುತ್ತ ಬಂದ ಜಾತಿಯಾದ್ದರಿಂದ ಮೊದಲು ಓಡಿ ಆಮೇಲೆ ತಿರುಗಿ ನೋಡುವುದು ಅದರ ರಕ್ತದಲ್ಲೇ ಇದೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲಿನದು ಬಹುಪಾಲು ಕಂಡರೂ ಹಣೆಯ ನೇರ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ಹಿಂಭಾಗ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ನಾನು ಮಾತನಾಡಿಸುತ್ತಲೇ ಎಡ ಭುಜದ ಕಡೆಯಿಂದ ಹತ್ತಿರ ಹೋಗುತ್ತೇನೆ.

ಜೀನು ಹಾಕಿ ಏರುವ ಮೊದಲು ಉದ್ದ ಹಗ್ಗದಲ್ಲಿ ಸುಮಾರು 20 ಮೀಟರ್ ಅಗಲದ ವೃತ್ತದಲ್ಲಿ ಅದನ್ನು ಸುತ್ತಿಸುತ್ತೇನೆ. ಮೊದಲ 10 ನಿಮಿಷ ನಡಿಗೆ, ನಂತರ ಕುಕ್ಕುಲೋಟ, ಆಗಾಗ ದಿಕ್ಕು ಬದಲಾವಣೆ. ಬರಿದೆ ದಣಿಸುತ್ತ ಹೋದರೆ ಅದರ ದಮ್ಮು ಬೆಳೆಯುತ್ತದೆಯೇ ಹೊರತು ವಿಧೇಯತೆ ಬೆಳೆಯುವುದಿಲ್ಲ. ನನ್ನ ಕಡೆಯ ಕಿವಿ ನನ್ನತ್ತ ವಾಲಿ, ಕತ್ತು ಇಳಿದು, ಮೂಗಿನಿಂದ ನೀಳವಾದ ಉಸಿರು ಹೊರಬಿದ್ದರೆ ನನಗೆ ಅಷ್ಟು ಸಾಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಿಕೆ ಮಾಡಿ ಹಿಡಿಯುತ್ತೇನೆ. ಇದನ್ನು ಅಮ್ಮನಿಗೆ ತಪ್ಪದೆ ಹೇಳಿ.

ಇನ್ನು ಬಿಗಿಯ ಮಾತು. ಕುದುರೆಗೆ ಪಾಠವಾಗುವುದು ಲಗಾಮು ಸಡಿಲವಾಗುವ ಕ್ಷಣ. ಹಿಂದೆ ಸರಿಯೆಂದು ಸೂಚಿಸಿದ ಮೇಲೆ ಅದು ಒಂದು ಹೆಜ್ಜೆ ಸರಿಯುವ ತನಕ ಕೈಯ ಬಿಗಿಯನ್ನು ಏರಿಸದೆ ಇಳಿಸದೆ ಉಳಿಸಿಕೊಂಡು, ಸರಿದೊಡನೆ ಬಿಡಬೇಕು. ತಲೆ ಎಗರಿಸಿತೆಂದು ಹೆದರಿ ಬಿಟ್ಟರೆ, ಎಗರಿಸುವುದೇ ಬಿಡುಗಡೆಯ ದಾರಿಯೆಂದು ಅದು ಕಲಿತು, ಮರುದಿನ ಇನ್ನೂ ಜೋರಾಗಿ ಎಗರಿಸುತ್ತದೆ.

ಇದನ್ನು ನಾನು ತಿಳಿದದ್ದು ತಪ್ಪು ಮಾಡಿ. ಒಂದು ಸಂಜೆ ಕತ್ತಲಾಗುವ ಅವಸರದಲ್ಲಿ, ದಾರಿಯಲ್ಲಿ ನಿಂತಿದ್ದ ಮಳೆನೀರನ್ನು ದಾಟಿಸಲು ಹಿಮ್ಮಡಿಯಿಂದ ಒತ್ತುತ್ತಲೇ ಲಗಾಮನ್ನೂ ಬಿಗಿಹಿಡಿದೆ. ಮುಂದಕ್ಕೂ ಹಿಂದಕ್ಕೂ ದಾರಿ ಕಾಣದೆ ಅದು ಮುಂಗಾಲೆತ್ತಿ ನಿಂತುಬಿಟ್ಟಿತು. ನಾನು ಬೀಳಲಿಲ್ಲ, ಆದರೆ ಅದರ ಕಣ್ಣಿನ ಭಯ ಕಂಡು ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಅದೇ ಜಾಗಕ್ಕೆ ನಡೆಸಿಕೊಂಡು ಹೋಗಿ, ತಲೆ ತಗ್ಗಿಸಿ ನೀರನ್ನು ಮೂಸಲು ಬಿಟ್ಟು, ತಿರುಗಿ ಹೋಗಲು ಮಾತ್ರ ಬಿಡದೆ ನಿಂತೆ. ನಾಲ್ಕನೆಯ ದಿನ ತಾನಾಗಿ ಗೊರಸು ಅದ್ದಿತು.

ಕೆಲಸವಿಲ್ಲದ ದಿನ ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚಿಸುತ್ತೇವೆ. ಇಲ್ಲದಿದ್ದರೆ ಉಳಿದ ಕಸುವೆಲ್ಲ ನೆಗೆತಕ್ಕೆ ತಿರುಗುತ್ತದೆ. ಓಟ ಮುಗಿದ ಮೇಲೆ ಉಸಿರು ಸಮನಾಗುವ ತನಕ ನಡೆಸಿಯೇ ಲಾಯಕ್ಕೆ ಕಟ್ಟುತ್ತೇವೆ.

ನಿನ್ನೆ ಅದು ಸಡಿಲ ಲಗಾಮಿನಲ್ಲೇ ಆ ನೀರನ್ನು ದಾಟಿತು. ಮುಂದಿನ ವಾರ ಬಯಲಿನಲ್ಲಿ ಬೇರೆ ಕುದುರೆಗಳ ಜೊತೆ ಬಿಡಬೇಕು, ಹೇಗಾಯಿತೆಂದು ಬರೆಯುತ್ತೇನೆ.

ಇತಿ,
ನಿಮ್ಮ ಪ್ರೀತಿಯ ಮಗ