ಕೂಡದ ಎಲುಬು ಮತ್ತು ಕರಪತ್ರದ ಇಂಜೆಕ್ಷನ್

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ಬೆಳಿಗ್ಗೆ ಪೇಪರ್ ಬಿಡಿಸಿದಾಗ ಒಳಗಿನಿಂದ ಒಂದು ಬಣ್ಣದ ಕರಪತ್ರ ಜಾರಿ ಬಿತ್ತು. ಶಿರಸಿಯ ಒಂದು ಸಭಾಭವನದಲ್ಲಿ ಭಾನುವಾರ ಉಚಿತ ತಪಾಸಣೆ. ಮಂಡಿ ಸವೆತ, ಕೂಡದ ಎಲುಬು, ಸೊರಗಿದ ಸ್ನಾಯು ಎಲ್ಲಕ್ಕೂ ಸ್ಟೆಮ್ ಸೆಲ್ ಇಂಜೆಕ್ಷನ್, ಆಪರೇಷನ್ ಬೇಕಾಗಿಲ್ಲ ಎಂದು ಬರೆದಿತ್ತು. ತಪಾಸಣೆ ಉಚಿತ, ಸರಿ. ಇಂಜೆಕ್ಷನ್‌ಗೆ ಎಷ್ಟು ಎನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಎಷ್ಟಾಗುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಪತ್ರ.

ನಮ್ಮ ತೋಟಕ್ಕೆ ಇಪ್ಪತ್ತು ವರ್ಷದಿಂದ ಬರುತ್ತಿರುವ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರೊಬ್ಬರಿದ್ದಾರೆ. ಹಿಂದಿನ ವರ್ಷದ ಮಳೆಗಾಲದಲ್ಲಿ ಅಡಿಕೆಗೆ ಕೊಳೆಮದ್ದು ಹೊಡೆಯುವಾಗ ಮರದಿಂದ ಬಿದ್ದರು. ಮಂಡಿಯ ಕೆಳಗಿನ ಎಲುಬು ಮುರಿಯಿತು. ರಾಡ್ ಹಾಕಿದರು. ಆರೇಳು ತಿಂಗಳಾದರೂ ಎಲುಬು ಕೂಡಲಿಲ್ಲ. ಆಗ ಯಾರೋ ಪರಿಚಯದವರು ದೂರದ ಊರಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಹೊಟ್ಟೆಯ ಕೊಬ್ಬು ತೆಗೆದು, ಅದರಿಂದ ಸ್ಟೆಮ್ ಸೆಲ್ ಬೇರೆ ಮಾಡಿ ಕಾಲಿಗೆ ಚುಚ್ಚುತ್ತೇವೆ, ಮೂರು ಸಲ ಆಗಬೇಕು, ಒಟ್ಟು ಎರಡೂವರೆ ಲಕ್ಷ ಎಂದರಂತೆ. ಹೆಂಡತಿಯ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟು ಮೊದಲ ಸಲದ 80 ಸಾವಿರ ಕಟ್ಟಿದರು. ರಸೀದಿಯಲ್ಲಿ 'ವಿಶೇಷ ಚಿಕಿತ್ಸೆ' ಎಂದಷ್ಟೇ ಇತ್ತು. ಮೂರು ತಿಂಗಳು ಕಾದರು. ಎಕ್ಸ್‌ರೇಯಲ್ಲಿ ಮುರಿದ ಗೆರೆ ಹಾಗೇ ಇತ್ತು.

"ಅಕ್ಕೋರೆ, ಇನ್ನೂ ಎರಡು ಸಲ ತಗೊಂಡ್ರೆ ಕೂಡ್ತದಂತೆ, ಹೌದಾ?" ಎಂದು ನಮ್ಮ ಜಗುಲಿಯಲ್ಲಿ ಕೂತು ಕೇಳಿದರು. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ಆದರೂ ತಕ್ಷಣ ಉತ್ತರ ಹೇಳಲಿಕ್ಕೆ ಬರಲಿಲ್ಲ. ಓದಿಕೊಂಡೆ. ಹುಬ್ಬಳ್ಳಿಯಲ್ಲಿ ಎಲುಬಿನ ಡಾಕ್ಟರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕೇಳಿದೆ. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಸೆಲ್‌ಗಳಾಗಿ ಬೆಳೆಯಬಲ್ಲ ಮೂಲ ಸೆಲ್, ಎನ್ನುವುದು ಸುಳ್ಳಲ್ಲ. ನಮ್ಮೆಲ್ಲರ ಎಲುಬಿನ ಮಜ್ಜೆಯಲ್ಲಿ, ಎಲುಬಿನ ಮೇಲಿನ ತೆಳು ಪೊರೆಯಲ್ಲಿ ಅವು ಇವೆ. ಎಲುಬು ಮುರಿದ ಕೂಡಲೇ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಈ ಸೆಲ್‌ಗಳು ಅಲ್ಲಿಗೆ ಬಂದು ಮೊದಲು ಮೆದು ಎಲುಬು ಕಟ್ಟುತ್ತವೆ. ವಾರಗಳು ಕಳೆದಂತೆ ಅದು ಗಟ್ಟಿಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಆ ಗಂಟನ್ನು ದೇಹವೇ ತಿದ್ದಿ ನಯ ಮಾಡುತ್ತದೆ. ಚರ್ಮಕ್ಕೆ ಗಾಯವಾದರೆ ಕಲೆ ಉಳಿಯುತ್ತದೆ. ಎಲುಬು ಸರಿಯಾಗಿ ಕೂಡಿದರೆ ಅಲ್ಲಿ ಹೊಸ ಎಲುಬೇ ಇರುತ್ತದೆ! ರಷ್ಯಾದ ಕುರ್ಗಾನ್ ಊರಿನ ಡಾಕ್ಟರ್ ಇಲಿಜರೋವ್ ಇದೇ ಶಕ್ತಿಯನ್ನು ಬಳಸಿಕೊಂಡರು. ಎಲುಬನ್ನು ಕತ್ತರಿಸಿ, ಹೊರಗಿನಿಂದ ಉಂಗುರದ ಚೌಕಟ್ಟು ಹಾಕಿ, ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ನಿಧಾನ ಎಳೆದರೆ ನಡುವೆ ಹೊಸ ಎಲುಬು ಬೆಳೆಯುತ್ತದೆ ಎಂದು ತೋರಿಸಿದರು. ಯಾವ ಇಂಜೆಕ್ಷನ್ನೂ ಇಲ್ಲ.

ಸ್ನಾಯುವಿನಲ್ಲಿಯೂ ಹೀಗೇ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವಾಗ, ನಾರುಗಳಿಗೆ ಅಂಟಿಕೊಂಡು ಮಲಗಿದಂತಿದ್ದ ಚಿಕ್ಕ ಸೆಲ್‌ಗಳನ್ನು ಕಂಡರು. ಅವಕ್ಕೆ ಸ್ಯಾಟಲೈಟ್ ಸೆಲ್ ಎಂದು ಹೆಸರಿಟ್ಟರು. ಪೆಟ್ಟು ಬಿದ್ದಾಗ, ಗಟ್ಟಿ ವ್ಯಾಯಾಮ ಮಾಡಿದಾಗ ಅವು ಎಚ್ಚರಾಗುತ್ತವೆ, ಹೆಚ್ಚುತ್ತವೆ, ಹರಿದ ನಾರನ್ನು ಸರಿಮಾಡುತ್ತವೆ. ಕೆಲವು ಮತ್ತೆ ಮಲಗಿ ಮುಂದಿನ ಸಲಕ್ಕೆ ಕಾಯುತ್ತವೆ.

ಅಂದಮೇಲೆ ಹೊರಗಿನಿಂದ ಇನ್ನಷ್ಟು ಚುಚ್ಚಿದರೆ ಒಳ್ಳೆಯದೇ ಅಲ್ವಾ? ನನಗೂ ಹಾಗೇ ಅನಿಸಿತ್ತು. ಆದರೆ ಚುಚ್ಚಿದ ಸೆಲ್‌ಗಳಲ್ಲಿ ಹೆಚ್ಚಿನವು ಅಲ್ಲಿ ಉಳಿಯುವುದಿಲ್ಲ, ಬೇಗ ಸತ್ತುಹೋಗುತ್ತವೆ. ಇವಕ್ಕೆ 1991ರಲ್ಲಿ 'ಮೀಸೆಂಕೈಮಲ್ ಸ್ಟೆಮ್ ಸೆಲ್' ಎಂಬ ಹೆಸರು ಕೊಟ್ಟ ಅಮೆರಿಕದ ಆರ್ನಾಲ್ಡ್ ಕಾಪ್ಲನ್ ಅವರೇ 2017ರಲ್ಲಿ ಆ ಹೆಸರು ಬದಲಾಯಿಸಬೇಕು ಎಂದು ಬರೆದರು. ದೇಹಕ್ಕೆ ಹಾಕಿದಾಗ ಇವು ತಾವೇ ಹೊಸ ಅಂಗಾಂಶ ಆಗುವುದಿಲ್ಲ, ಅಲ್ಲಿರುವ ಸೆಲ್‌ಗಳಿಗೆ ಸೂಚನೆ ಕೊಡುವ ಕೆಲಸ ಮಾಡುತ್ತವೆ ಎನ್ನುವುದು ಅವರ ಮಾತು. ಹೆಸರಿಟ್ಟವರೇ ಹೀಗೆ ಹೇಳಿರುವಾಗ ಕರಪತ್ರದವರಿಗೆ ಅಷ್ಟು ಧೈರ್ಯ ಎಲ್ಲಿಂದ ಬರುತ್ತದೋ!

ಮಂಡಿಯ ವಿಷಯ ಸ್ವಲ್ಪ ಬೇರೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಮಜ್ಜೆಯಿಂದ ತಯಾರಿಸಿದ ಒಂದು ಔಷಧಕ್ಕೆ, ಮಧ್ಯಮ ಹಂತದ ಮಂಡಿ ಸವೆತಕ್ಕಾಗಿ, 2022ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ. ಅದಕ್ಕೆ ಹೆಸರಿದೆ, ಪರವಾನಗಿ ಇದೆ. ಹೊಟ್ಟೆಯ ಕೊಬ್ಬು ತೆಗೆದು ಅಲ್ಲೇ ಚುಚ್ಚುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದಲ್ಲಿ 475 ಮಂಡಿನೋವಿನ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ ಮೂರರಿಂದ ತೆಗೆದ ಸೆಲ್‌ಗಳನ್ನೂ ನೋಡಿದರು. ಒಂದು ವರ್ಷದ ನಂತರ ಸಾಮಾನ್ಯ ಸ್ಟಿರಾಯ್ಡ್ ಇಂಜೆಕ್ಷನ್‌ಗಿಂತ ಯಾವುದೂ ಮೇಲಾಗಿರಲಿಲ್ಲ.

ಜಾಸ್ತಿ ಸಂಕಟವಾಗುವುದು ಸ್ನಾಯು ಸವೆಯುವ ಕಾಯಿಲೆಯ ಮಕ್ಕಳನ್ನು ನೆನೆದಾಗ. ಡುಶೆನ್ ಎಂಬ ಕಾಯಿಲೆಯಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇರುವುದಿಲ್ಲ. ಸ್ನಾಯು ಮತ್ತೆ ಮತ್ತೆ ಹರಿಯುತ್ತದೆ, ರಿಪೇರಿ ಮಾಡಿ ಮಾಡಿ ಸ್ಯಾಟಲೈಟ್ ಸೆಲ್‌ಗಳೇ ಸೋಲುತ್ತವೆ. ಬೇರೆಯವರ ಸ್ನಾಯುವಿನ ಸೆಲ್ ಹಾಕುವ ಪ್ರಯತ್ನ 1990ರ ದಶಕದಲ್ಲಿಯೇ ನಡೆದಿತ್ತು, ಮಕ್ಕಳಿಗೆ ಗುಣ ಕಾಣಲಿಲ್ಲ. ಮಗ ನಡೆಯಲಾರದೆ ಹೋಗುವುದನ್ನು ನೋಡುತ್ತಿರುವ ತಂದೆ ತಾಯಿ ಇಂಥ ಕರಪತ್ರ ನೋಡಿದರೆ ಮನೆ ಮಾರಿಯಾದರೂ ಹೋಗುತ್ತಾರೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಗೌಡರ ಕಥೆ ಮುಗಿಸುತ್ತೇನೆ. ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕೂಡದ ತುದಿಗಳನ್ನು ಕೆರೆದು, ಅವರದೇ ಸೊಂಟದ ಎಲುಬಿನಿಂದ ಚೂರು ತೆಗೆದು ಅಲ್ಲಿ ತುಂಬಿದರು. ಹೊಸ ರಾಡ್ ಹಾಕಿದರು. ಆ ಚೂರುಗಳಲ್ಲಿ ಜೀವಂತ ಸೆಲ್‌ಗಳೂ ಇರುತ್ತವೆ, ಅವು ಬೆಳೆಯಲು ಬೇಕಾದ ಆಸರೆಯೂ ಇರುತ್ತದೆ. ಬಹಳ ಹಳೆಯ ಚಿಕಿತ್ಸೆ ಇದು. ಬಿಪಿಎಲ್ ಕಾರ್ಡ್ ಇದ್ದುದರಿಂದ ಕೈಯಿಂದ ಖರ್ಚಾದದ್ದು ಕಡಿಮೆ. ಬೀಡಿ ಸೇದಿದರೆ ಎಲುಬು ಕೂಡುವುದಿಲ್ಲ ಎಂದು ಅಲ್ಲಿಯ ಡಾಕ್ಟರ್ ಖಡಾಖಂಡಿತವಾಗಿ ಹೇಳಿದರು. ಬೀಡಿ ಬಿಟ್ಟರು. ಐದು ತಿಂಗಳಿಗೆ ಎಲುಬು ಕೂಡಿತು. ಸೊರಗಿದ ತೊಡೆಗೆ ಫಿಸಿಯೋಥೆರಪಿಯವರು ಮರಳಿನ ಚೀಲ ಕಟ್ಟಿ ಕಾಲು ಎತ್ತುವುದನ್ನು ಕಲಿಸಿದ್ದರು, ದಿನಾ ಜಗುಲಿಯಲ್ಲಿ ಮಾಡುತ್ತಾರೆ. ಸರ ಇನ್ನೂ ಸೊಸೈಟಿಯಲ್ಲೇ ಇದೆ.

ಓದುಗರಿಗೆ ಒಂದು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಚಿಕಿತ್ಸೆ, ಮೇಲೆ ಹೇಳಿದಂಥ ಪರವಾನಗಿ ಪಡೆದ ಔಷಧ ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ನೋಂದಾಯಿತ ಪ್ರಯೋಗವಾಗಿಯೇ ನಡೆಯಬೇಕು. ಪ್ರಯೋಗಕ್ಕೆ ರೋಗಿಯಿಂದ ಹಣ ಕೇಳುವಂತಿಲ್ಲ. ಆದ್ದರಿಂದ ಯಾರಾದರೂ ಇಂಜೆಕ್ಷನ್ ಎಂದರೆ ಔಷಧದ ಹೆಸರು, ಪರವಾನಗಿ ಕೇಳಿ. ಪ್ರಯೋಗ ಎಂದರೆ, ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿರುವ, 'ಸಿಟಿಆರ್‌ಐ' ಎಂದು ಶುರುವಾಗುವ ಸಂಖ್ಯೆ ಕೇಳಿ. ಆ ಪಟ್ಟಿಯನ್ನು ಮೊಬೈಲಿನಲ್ಲೇ ಯಾರು ಬೇಕಾದರೂ ನೋಡಬಹುದು.

ಸಂಪಾದಕರೇ, ಕರಪತ್ರ ಮಡಚಿ ಇಡುವುದು ಏಜೆಂಟರು, ನೀವಲ್ಲ ಎಂದು ಗೊತ್ತು. ಆದರೂ ಪೇಪರ್ ಜೊತೆ ಬಂದದ್ದನ್ನು ನಮ್ಮ ಜನ ಪೇಪರಿನವರ ಮಾತು ಎಂದೇ ನಂಬುತ್ತಾರೆ. ದಯವಿಟ್ಟು ಏಜೆಂಟರಿಗೆ ಒಂದು ಮಾತು ಹೇಳಿ. ಕೊನೆ ಕೊಯ್ಲು ಶುರುವಾಗುವ ಮೊದಲು ಎಲುಬಿನ ಡಾಕ್ಟರ್ ಒಬ್ಬರಿಂದ ಈ ವಿಷಯದ ಮೇಲೆ ಅರ್ಧ ಪುಟ ಬರೆಸಿ. ಇಂಥ ಶಿಬಿರಗಳಿಗೆ ಅನುಮತಿ ಕೊಡುವ ಮೊದಲು ಜಿಲ್ಲಾ ಆರೋಗ್ಯ ಅಧಿಕಾರಿಗಳು ಕಾಗದಪತ್ರ ನೋಡುವಂತಾಗಲಿ. ಮತ್ತೆ, ಕಾಲು ಎತ್ತುವ ವ್ಯಾಯಾಮ ಕಲಿಯಲು ಗೌಡರಂಥವರು ಘಟ್ಟ ಇಳಿದು ಹತ್ತಿ ಅಲೆಯಬೇಕಾಗದಂತೆ, ನಮ್ಮ ಎಲ್ಲ ತಾಲೂಕು ಆಸ್ಪತ್ರೆಗಳಲ್ಲೂ ವಾರದ ಆರು ದಿನ ಫಿಸಿಯೋಥೆರಪಿ ಸಿಗುವ ಹಾಗೆ ಮಾಡಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ವಿಜ್ಞಾನ ಶಿಕ್ಷಕಿ, ಶಿರಸಿ